ಮದ್ದಳೆಗೆ ಹೂವು, ಮಾಡಿದವನಿಗೆ ಏನು?

(ಬಿಡುವಿನ ವೇಳೆಯಲ್ಲಿ ವಾದ್ಯ ಮಾಡುವವರು ಕೆರಾಡಿಯಲ್ಲಿ ಸೇರಿ, ತಾವು ಕೈಯಲ್ಲಿ ಹಿಡಿದಿರುವ ಕೆಲಸಗಳನ್ನು ಒಬ್ಬರಿಗೊಬ್ಬರು ತೋರಿಸಿದ ಕೂಟದಲ್ಲಿ ಮಾಡಿದ ಭಾಷಣ)



ಪ್ರದರ್ಶನ ಎಂದರೆ ಸಾಮಾನ್ಯವಾಗಿ ಮುಗಿದ ವಸ್ತುಗಳನ್ನು ಸಾಲಾಗಿ ಇಡುವುದು. ಬಣ್ಣ ಬಳಿದು, ಹೊಳಪು ಕೊಟ್ಟು, ಬೆಲೆಯ ಚೀಟಿ ಅಂಟಿಸುವುದು. ಇಲ್ಲಿ ಈ ಚಾಪೆಯ ಮೇಲಿರುವುದು ಹಾಗಲ್ಲ. ಅರ್ಧ ತೋಡಿದ ಹಲಸಿನ ದಿಮ್ಮಿ ಇದೆ. ಒಂದು ಕಡೆಯ ಮುಚ್ಚಿಗೆ ಬಿಚ್ಚಿದ ಮದ್ದಳೆ ಇದೆ. ಹೊಟ್ಟೆ ಬಗೆದಿಟ್ಟ ಹಾರ್ಮೋನಿಯಂ ಇದೆ. ಒಣಗುತ್ತಿರುವ ಸೋರೆಬುರುಡೆ ಇದೆ. ಒಂದು ಡೋಲು ಇದೆ. ಯಾವುದೂ ಮಾರಾಟಕ್ಕೆ ಬಂದದ್ದಲ್ಲ. ಹೆಚ್ಚಿನವು ಇನ್ನೂ ಪೂರ್ತಿಯಾದದ್ದೂ ಅಲ್ಲ. ಮುಗಿದ ವಸ್ತು ತನ್ನ ಬೆಲೆಯನ್ನು ಹೇಳುತ್ತದೆ. ಮುಗಿಯದ ವಸ್ತು ಅದರಲ್ಲಿ ಸೇರಿದ ದುಡಿಮೆಯನ್ನು ಹೇಳುತ್ತದೆ. ಆದುದರಿಂದ ಈ ಕೂಟ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಕೆರಾಡಿ ಎಂಬ ಹೆಸರು ಈಗ ಹೊರಗಿನವರಿಗೂ ಗೊತ್ತು. ೨೦೨೨ರಲ್ಲಿ ತೆರೆಕಂಡ ‘ಕಾಂತಾರ’ ಚಿತ್ರ ಈ ಊರಿನ ನೆಲದಲ್ಲಿ ತಯಾರಾಯಿತು. ನಮ್ಮ ಕರಾವಳಿಯ ವಾದ್ಯಗಳ ದನಿಯನ್ನು ದೂರದ ಪಟ್ಟಣಗಳ ಜನ ಥಿಯೇಟರಿನಲ್ಲಿ ಕುಳಿತು ಕೇಳಿದರು. ಸಂತೋಷವೇ. ಆದರೆ ಆ ದನಿಗೆ ಮರ ತೋಡಿದವರು ಯಾರು, ಚರ್ಮ ಬಿಗಿದವರು ಯಾರು ಎಂದು ಕೇಳಿದವರು ಎಷ್ಟು ಮಂದಿ? ಸಿನಿಮಾದ ಮಾತು ಬಿಡಿ. ಮಾರಣಕಟ್ಟೆ, ಮಂದಾರ್ತಿ, ಕಮಲಶಿಲೆ ಮೇಳಗಳ ಆಟವನ್ನು ನಾವು ಬಾಲ್ಯದಿಂದ ನೋಡುತ್ತಿದ್ದೇವೆ. ಮಳೆಗಾಲ ಮುಗಿದು ತಿರುಗಾಟ ಹೊರಟರೆ ಮತ್ತೆ ಮಳೆ ಹಿಡಿಯುವವರೆಗೆ ರಾತ್ರಿ ರಾತ್ರಿ ಚೆಂಡೆ ಮೊಳಗಬೇಕು. ಭಾಗವತರು ಯಾರೆಂದು ಗೊತ್ತು, ಚೆಂಡೆ ಯಾರದೆಂದು ಗೊತ್ತು, ಮದ್ದಳೆ ಯಾರದೆಂದು ಗೊತ್ತು. ‘ಯಾರದು’ ಎಂದರೆ ಬಾರಿಸುವವರದು. ಮಾಡಿದವರದಲ್ಲ.

ಇಲ್ಲಿ ಅಂಗಡಿ ನಡೆಸುವ ಮಿತ್ರರು ಇದ್ದೀರಿ. ನೀವು ಒಂದು ಮೂಟೆ ಅಕ್ಕಿ ಮಾರಿದರೆ ಗೋಣಿಯ ಮೇಲೆ ಗಿರಣಿಯ ಹೆಸರಿರುತ್ತದೆ. ಹೆಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ. ನೂರು ವರ್ಷದ ಹಳೆಯ ಮನೆಯ ಮಾಡು ಇಳಿಸಿದರೂ ಅದನ್ನು ಓದಬಹುದು. ಮಾಲೀಕನ ಹೆಸರಾದರೂ ಉಳಿಯಿತು ಎನ್ನೋಣ. ಒಂದು ಮದ್ದಳೆಯನ್ನು ತಿರುಗಿಸಿ ನೋಡಿ. ಯಾರ ಹೆಸರೂ ಇಲ್ಲ. ಹೀಗೇಕೆ ಎಂಬುದೇ ಇಂದಿನ ನನ್ನ ಮಾತು. ಅದಕ್ಕೆ ಮೊದಲು ಎದುರಿಗಿರುವ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅಕ್ಕಿ ಗಿರಣಿಯಲ್ಲಿ ದುಡಿಯುವ ಗೆಳೆಯರ ಚೆಂಡೆಯ ಕಳಸಿಗೆ, ಎಂದರೆ ಮರದ ಒಡಲು. ಹಲಸಿನ ಮರ. ಹಲಸು ನಮ್ಮ ವಾದ್ಯಗಳ ತಾಯಿ ಎಂದರೂ ಸಲ್ಲುತ್ತದೆ: ಮೃದಂಗಕ್ಕೆ ಹಲಸು, ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ಮನೆಮನೆಯಲ್ಲಿ ಮಾಡುವ ವೀಣೆಗೂ ಹಲಸು. ಚೇಗು ಬಲಿತ ಹಲಸಿಗೆ ಹುಳ ಬೇಗ ಹಿಡಿಯದು, ನೀರಿನ ಪಸೆಗೆ ಸುಲಭವಾಗಿ ಸೊಟ್ಟಗಾಗದು. ಆದರೆ ಹಸಿ ಮರ ತೋಡಿದರೆ ಸೀಳುತ್ತದೆ. ಇವರು ದಿಮ್ಮಿಯ ಎರಡೂ ತುದಿಗೆ ಸಗಣಿ ಮೆತ್ತಿ, ನೆರಳಿನಲ್ಲಿಟ್ಟು, ಎರಡು ಮಳೆಗಾಲ ಕಾದು ಈಗ ಉಳಿ ಹಿಡಿದಿದ್ದಾರೆ. ದಿನಕ್ಕೆ ಎಂಟು ಗಂಟೆ ಯಂತ್ರದ ಸದ್ದು ಕೇಳಿದ ಕಿವಿಗೆ ಸಂಜೆ ಮರದ ಸದ್ದು ಬೇಕೆನಿಸುತ್ತದೆ ಎಂದರು. ಅವರ ಪ್ರಶ್ನೆ ಒಂದೇ: ಗೋಡೆ ಎಷ್ಟು ದಪ್ಪ ಇರಬೇಕು? ದಪ್ಪವಾದರೆ ಹೊರಲಾಗದ ಭಾರ. ತೆಳುವಾದರೆ ಹುರಿ ಬಿಗಿದಾಗ ಬಿರಿಯುವ ಭಯ. ಇಲ್ಲೇ ಕುಳಿತ ಹಿರಿಯರೊಬ್ಬರು ಹೇಳಿದ ಮಾತನ್ನು ನೀವೂ ಕೇಳಿದಿರಿ: “ಹ್ವಾಯ್, ಅಳತೆಕೋಲು ಬದಿಗಿಡಿ. ಸುತ್ತ ತಟ್ಟಿ ಕಾಣಿ, ಮರವೇ ಹೇಳ್ತ್.” ಎಲ್ಲ ಕಡೆ ಒಂದೇ ದನಿ ಬರುವವರೆಗೆ ತೋಡಬೇಕು, ದನಿ ಮಂದವಾದ ಜಾಗ ಇನ್ನೂ ದಪ್ಪ ಇದೆ ಎಂದು ಅರ್ಥ. ಈ ಒಂದು ಮಾತಿಗಾಗಿ ಇವರು ಇನ್ನು ಐದು ವರ್ಷ ಕಾಯಬೇಕಿತ್ತು. ಇಂದು ಐದು ನಿಮಿಷದಲ್ಲಿ ಸಿಕ್ಕಿತು.

ಎರಡನೆಯದು ಮದ್ದಳೆ. ಇದರ ಹಿಂದೆ ಇರುವವರು ಹೆಂಚಿನ ಕಾರ್ಖಾನೆಯಿಂದ ನಿವೃತ್ತರಾದವರು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಎಷ್ಟೋ ಮನೆತನಗಳು ಜೇಡಿಮಣ್ಣಿನಲ್ಲೇ ತಲೆಮಾರು ಕಳೆದವು. ಮಣ್ಣು ಬೇಗ ಒಣಗಿದರೆ ಬಿರಿಯುತ್ತದೆ ಎಂಬ ವಿದ್ಯೆ ಇವರ ಬೆರಳಿನಲ್ಲಿದೆ. ಈಗ ಆ ಬೆರಳು ಮದ್ದಳೆಯ ಬಲಮುಚ್ಚಿಗೆಯ ನಡುವಿನ ಕಪ್ಪು ಬಿಲ್ಲೆಯ ಮೇಲೆ ಕೆಲಸ ಮಾಡುತ್ತಿದೆ. ಅದನ್ನು ಕರಣೆ ಎನ್ನುತ್ತೇವೆ. ಬೆಂದ ಅನ್ನವನ್ನು ಕಿಟ್ಟದ ಪುಡಿಯೊಡನೆ ಅರೆದು, ಕಡಲೆಕಾಳಿನಷ್ಟು ಮುದ್ದೆ ಇಟ್ಟು ಸವರಿ, ನುಣುಪಾದ ಕಲ್ಲಿನಿಂದ ಒಣಗುವ ತನಕ ತಿಕ್ಕಿ, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಪ್ರತಿಯೊಂದು ಪದರದ ಸುತ್ತು ಹಿಂದಿನದಕ್ಕಿಂತ ಚಿಕ್ಕದು. ಹೆಂಚಿನಲ್ಲಿ ಬಿರುಕು ಕಂಡರೆ ಆ ಸಾಮಾನನ್ನು ಎಸೆಯಬೇಕು; ಕರಣೆಯಲ್ಲಿ ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣ ಬಿರುಕುಗಳು ಇರಲೇಬೇಕು, ಇಲ್ಲದಿದ್ದರೆ ಗಟ್ಟಿಯಾದ ಆ ಬಿಲ್ಲೆ ಚರ್ಮವನ್ನು ಆಡಗೊಡಿಸದು. ಕಲ್ಲಿನಿಂದ ತಿಕ್ಕುವುದು ಅದಕ್ಕಾಗಿಯೇ. ನಾಲ್ವತ್ತು ವರ್ಷ ಬಿರುಕನ್ನು ತಪ್ಪಿಸಿದ ಕೈ ಈಗ ಬಿರುಕನ್ನು ಬರಿಸಲು ಕಲಿಯುತ್ತಿದೆ. ಇವರ ಮೂರನೆಯ ಪ್ರಯತ್ನ ಇದು.

ಈ ಕಪ್ಪು ಬಿಲ್ಲೆಯ ಮಹಿಮೆ ಏನೆಂದು ನಮ್ಮ ಸರ್ ಸಿ. ವಿ. ರಾಮನ್ ಜಗತ್ತಿಗೆ ಹೇಳಿದರು. ನೊಬೆಲ್ ಪಾರಿತೋಷಕ ಬಂದದ್ದು ೧೯೩೦ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, ೧೯೨೦ರಲ್ಲಿ, ಅವರು ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ೧೯೩೪ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಬರೀ ಚರ್ಮವನ್ನು ಬಿಗಿದು ಬಡಿದರೆ ಅದರ ಒಳದನಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ದನಿಯ ಕಂಪನ ೧ ಎಂದಿಟ್ಟುಕೊಂಡರೆ ಉಳಿದವು ಸುಮಾರು ೧.೫೯, ೨.೧೪, ೨.೩೦ ಹೀಗೆ ಎಲ್ಲೆಲ್ಲೋ ಬೀಳುತ್ತವೆ. ಆದುದರಿಂದ ಅದು ಸದ್ದು, ಸ್ವರವಲ್ಲ. ನಡುವೆ ಹದವಾಗಿ ಭಾರ ಹಚ್ಚಿದರೆ ಅವೇ ದನಿಗಳು ೧, ೨, ೩, ೪, ೫ ಎಂಬ ಕ್ರಮಕ್ಕೆ ಬಂದು ತಂತಿಯ ವಾದ್ಯದಂತೆ ಶ್ರುತಿಗೆ ನಿಲ್ಲುತ್ತವೆ. ಇದನ್ನು ಲೆಕ್ಕದಿಂದಲೂ ಪ್ರಯೋಗದಿಂದಲೂ ತೋರಿಸಿದ ಕೀರ್ತಿ ರಾಮನ್ನರದು, ಸಂದೇಹವಿಲ್ಲ. ಆದರೆ ಲೆಕ್ಕ ಬರುವುದಕ್ಕೆ ನೂರಾರು ವರ್ಷ ಮೊದಲೇ ಕಿವಿಯೊಂದನ್ನೇ ನಂಬಿ, ಅನ್ನ ಮತ್ತು ಕಿಟ್ಟದಿಂದ ಅದನ್ನು ಸಾಧಿಸಿದವನು ಯಾರು? ಅವನಿಗೆ ಅಕ್ಷರ ಕಲಿಸಲಿಲ್ಲ, ಅವನ ಹೆಸರನ್ನೂ ಬರೆದಿಡಲಿಲ್ಲ.

ಮೂರನೆಯದು ಹಾರ್ಮೋನಿಯಂ. ಕಿರಾಣಿ ಅಂಗಡಿಯ ಯಜಮಾನರದು. ಅಂಗಡಿ ಬಾಗಿಲು ಹಾಕಿದ ಮೇಲೆ ತಕ್ಕಡಿ ಒರೆಸಿಟ್ಟು ಅದೇ ಹಲಗೆಯ ಮೇಲೆ ಇದನ್ನು ಬಿಚ್ಚುತ್ತಾರೆ. ಇದು ವಿಲಾಯತಿಯಿಂದ ಬಂದ ಕಾಲುತಿದಿಯ ವಾದ್ಯ. ೧೮೭೫ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಎಂಬವರು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತುವಂತೆ ಅದನ್ನು ಬದಲಿಸಿದರು. ಆಕಾಶವಾಣಿ ೧೯೪೦ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದಕ್ಕೆ ಬಾಗಿಲು ಮುಚ್ಚಿತ್ತು, ನಮ್ಮ ಸಂಗೀತದ ಸೂಕ್ಷ್ಮ ಇದಕ್ಕೆ ಬಾರದು ಎಂದು. ಹಳ್ಳಿಯ ಭಜನಾಮಂದಿರ, ಆಟದ ರಂಗಸ್ಥಳ ಆ ಅಪ್ಪಣೆಗೆ ಕಾಯಲಿಲ್ಲ. ಇದರ ದನಿ ಇರುವುದು ಹಿತ್ತಾಳೆಯ ಪುಟ್ಟ ನಾಲಗೆಗಳಲ್ಲಿ. ನಾಲಗೆಯ ತುದಿಯನ್ನು ಅರದಿಂದ ತುಸು ಕೆರೆದರೆ ಸ್ವರ ಏರುತ್ತದೆ; ಬುಡದ ಕಡೆ ಕೆರೆದರೆ ಇಳಿಯುತ್ತದೆ. ಹೆಚ್ಚು ಕೆರೆದರೆ ನಾಲಗೆಯೇ ಹೋಯಿತು. ‘ತೂಕ ತುಸು ಹೆಚ್ಚಾದರೆ ತೆಗೆಯಬಹುದು, ಇದರಲ್ಲಿ ಹಾಗಿಲ್ಲ’ ಎಂದು ಯಜಮಾನರು ನಕ್ಕರು.

ನಾಲ್ಕನೆಯದು ಸೋರೆಬುರುಡೆ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಅಕ್ಕ ತನ್ನ ಹಿತ್ತಿಲಲ್ಲಿ ಬೆಳೆದ ಸೋರೆಯಿಂದ ಪುಂಗಿ ಮಾಡಹೊರಟಿದ್ದಾಳೆ. ಹಾರ್ಮೋನಿಯಂ ಬರುವ ಮೊದಲು ಯಕ್ಷಗಾನದ ಹಿಮ್ಮೇಳಕ್ಕೆ ಶ್ರುತಿ ಕೊಡುತ್ತಿದ್ದದ್ದು ಪುಂಗಿಯೇ. ಬುರುಡೆಯ ಒಳಗೆ ಸಣ್ಣ ಕೊಳವೆ. ಅದರ ಮೈಯನ್ನೇ ಸೀಳಿ ಎಬ್ಬಿಸಿದ ಒಂದು ನಾಲಗೆ. ಗಾಳಿ ತಾಗಿದರೆ ಅದು ಮಿಡಿಯಬೇಕು. ಇವಳದು ಇನ್ನೂ ಮಿಡಿಯುತ್ತಿಲ್ಲ. ನಾಲಗೆ ದಪ್ಪವೋ, ಬಾಯಿಯ ಮೇಣ ಸೋರುತ್ತಿದೆಯೋ ಎಂದು ನಾಲ್ಕು ಜನ ತಲೆ ಸೇರಿಸಿ ನೋಡುತ್ತಿದ್ದಾರೆ. ಪುಂಗಿ ಹೋಯಿತು, ಹಾರ್ಮೋನಿಯಂ ಬಂತು. ಈಗ ಹಲವು ರಂಗಸ್ಥಳಗಳಲ್ಲಿ ಹಾರ್ಮೋನಿಯಮ್ಮಿನ ಜಾಗದಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆ ಕುಳಿತಿದೆ. ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದವರು ಬೆಂಗಳೂರಿನ ಜಿ. ರಾಜ್‌ನಾರಾಯಣ್, ಕೊಳಲು ನುಡಿಸುವ ಒಬ್ಬ ಇಂಜಿನಿಯರು. ನಮ್ಮ ಕೋಟದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು. ಹಿಮ್ಮೇಳ ಎಂದೂ ಕಲ್ಲಾಗಿ ನಿಂತದ್ದಲ್ಲ. ‘ಇದನ್ನೆಲ್ಲ ಮಾಡಲು ನೀನು ಯಾರು’ ಎಂದು ಈ ಅಕ್ಕನನ್ನು ಯಾರಾದರೂ ಕೇಳಿದರೆ ಇಷ್ಟು ಹೇಳಿದರೆ ಸಾಕು.

ಐದನೆಯದು ಡೋಲು. ಇದನ್ನು ತಂದಿಟ್ಟ ಕೊರಗ ತರುಣ ಹೆಚ್ಚು ಮಾತಾಡಲಿಲ್ಲ. ಮರವನ್ನು ತಾನೇ ತೋಡಿದೆ, ಚರ್ಮ ತಾನೇ ಹದ ಮಾಡಿದೆ ಎಂದಷ್ಟೇ ಹೇಳಿದ. ಅವನು ಹೇಳದೆ ಉಳಿಸಿದ್ದನ್ನು ನಾವು ಹೇಳಬೇಕಾಗಿದೆ. ಈ ಡೋಲನ್ನು ಅವನ ಹಿರಿಯರು ತಮ್ಮ ಸಂತೋಷಕ್ಕೆ ಬಾರಿಸುತ್ತಿದ್ದರು, ಕೊಳಲನ್ನೂ ಊದುತ್ತಿದ್ದರು. ಆದರೆ ಊರಿನ ದೊಡ್ಡವರು ಕರೆದಾಗ, ಕಂಬಳಕ್ಕೆ, ಉತ್ಸವಕ್ಕೆ, ಬೇಡ ಎನ್ನುವಂತಿರಲಿಲ್ಲ. ಕೂಲಿ ಇಲ್ಲ, ಮರ್ಯಾದೆ ಇಲ್ಲ, ಬಿಟ್ಟಿಚಾಕರಿ. ಅದರ ಜೊತೆಗೆ ಬಾಯಿಂದ ಹೇಳಲು ನಾಚಿಕೆಯಾಗುವಂಥ ಅವಮಾನಗಳು. ಇದಕ್ಕೆ ಅಜಲು ಎಂದು ಹೆಸರು. ಅದನ್ನು ಅಪರಾಧವೆಂದು ಸಾರುವ ಕಾನೂನನ್ನು ಕರ್ನಾಟಕ ಮಾಡಿದ್ದು ೨೦೦೦ನೇ ಇಸವಿಯಲ್ಲಿ. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷಗಳ ನಂತರ!

ಈ ಡೋಲಿನ ಎದುರು ‘ಹವ್ಯಾಸ’ ಎಂಬ ಮಾತನ್ನು ಸ್ವಲ್ಪ ಯೋಚಿಸಿ ಬಳಸಬೇಕು. ಉಳಿದ ನಾಲ್ವರು ಹೊಟ್ಟೆಪಾಡಿನ ಕೆಲಸ ಮುಗಿಸಿ, ಮನಸ್ಸಿಗಾಗಿ ಉಳಿ ಹಿಡಿದರು. ಅವರಿಗೆ ಬೇಕಾದದ್ದು ಬಿಡುವು. ಇವನಿಗೆ ಮೊದಲು ಬೇಕಾದದ್ದು ‘ಬಾರಿಸುವುದಿಲ್ಲ’ ಎಂದು ಹೇಳುವ ಹಕ್ಕು. ಒಲ್ಲೆ ಎನ್ನಲು ಬಾರದವನಿಗೆ ಹವ್ಯಾಸ ಎಲ್ಲಿಂದ ಬರಬೇಕು? ಇಂದು ಈ ತರುಣ ಯಾರೂ ಕರೆಯದೆ, ಯಾರ ಅಪ್ಪಣೆಯೂ ಇಲ್ಲದೆ, ತನಗೆ ಬೇಕೆಂದು ಡೋಲು ಮಾಡಿ ತಂದು ನಮ್ಮ ನಡುವೆ ಇಟ್ಟಿದ್ದಾನೆ. ಈ ಚಾಪೆಯ ಮೇಲಿರುವ ಎಲ್ಲ ಕೆಲಸಗಳಲ್ಲಿ ಅತಿ ದೊಡ್ಡದು ಇದೇ ಎಂದು ನಾನು ಭಾವಿಸುತ್ತೇನೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮಾಡಿದವನ ಹೆಸರು ಏಕೆ ಉಳಿಯಲಿಲ್ಲ? ಉತ್ತರ ಚರ್ಮದಲ್ಲಿದೆ. ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ನಮ್ಮ ಚೆಂಡೆ ಮದ್ದಳೆಗಳೂ ಚರ್ಮವಿಲ್ಲದೆ ಮಾತಾಡವು. ಆಯುಧಪೂಜೆಯ ದಿನ ಮದ್ದಳೆಗೆ ಹೂವಿಟ್ಟು ಕೈಮುಗಿಯುತ್ತೇವೆ. ಅದೇ ಚರ್ಮವನ್ನು ಸುಲಿದು, ತೊಳೆದು, ಹದ ಮಾಡಿದ ಕೈಯನ್ನು ಅಂಗಳದ ಆಚೆ ನಿಲ್ಲಿಸಿದೆವು. ವಸ್ತು ಪವಿತ್ರ, ಮಾಡಿದವನು ಮೈಲಿಗೆ! ಟಿ. ಎಂ. ಕೃಷ್ಣ ಅವರು ೨೦೨೦ರಲ್ಲಿ ಹೊರತಂದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಗ್ರಂಥ ತಮಿಳುನಾಡಿನ ಮೃದಂಗ ತಯಾರಕರ ಈ ಕಥೆಯನ್ನೇ ಹೇಳುತ್ತದೆ. ಅವರಲ್ಲಿ ಬಹುಮಂದಿ ದಲಿತ ಕ್ರೈಸ್ತರು. ದೊಡ್ಡ ದೊಡ್ಡ ವಿದ್ವಾಂಸರ ನಾದಕ್ಕೆ ಅವರ ಕೈ ಬೇಕಾಗಿತ್ತು, ಅವರ ಹೆಸರು ಬೇಕಾಗಿರಲಿಲ್ಲ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಿರಿಯಡಕ ಗೋಪಾಲರಾಯರು ನೂರು ವರ್ಷ ದಾಟಿ ಬಾಳಿ ೨೦೨೦ರಲ್ಲಿ ತೀರಿಕೊಂಡರು. ಏರುಮದ್ದಳೆ ಎಂದರೆ ಅವರ ಹೆಸರೇ ನಾಲಗೆಗೆ ಬರುತ್ತದೆ. ಅವರ ಕೀರ್ತಿಗೆ ನಾನೂ ತಲೆಬಾಗುತ್ತೇನೆ. ಆದರೆ ಶ್ರುತಿ ಏರಬೇಕಾದರೆ ಚರ್ಮ ಇನ್ನಷ್ಟು ಬಿಗಿಯಬೇಕು, ಬಾರು ಇನ್ನಷ್ಟು ಎಳೆಯಬೇಕು, ಮರ ಅದನ್ನು ತಾಳಬೇಕು. ಆ ಬಿಗಿತಕ್ಕೆ ಒಡೆಯದ ಮುಚ್ಚಿಗೆಯನ್ನು ಕಟ್ಟಿಕೊಟ್ಟ ಕೈಗಳೂ ಏರುಮದ್ದಳೆಯ ಇತಿಹಾಸದಲ್ಲಿ ಪಾಲುದಾರರು. ಒಂದು ಸಾಲಾದರೂ ಅವರ ಪಾಲಿಗೆ ಬೇಡವೇ?

ಇನ್ನು ಒಂದು ಕಹಿಯಾದ ಮಾತು. ಇದು ಬಿಡುವಿನ ವೇಳೆಯಲ್ಲಿ ಮಾಡುವ ನಮ್ಮಂಥವರ ಕುರಿತು. ಇದನ್ನೇ ಕಸುಬಾಗಿ ನಂಬಿ ಬದುಕುವವರು ನಮ್ಮನ್ನು ಕಂಡು ಮುಖ ಸಿಂಡರಿಸುತ್ತಾರೆ, ಗುಟ್ಟು ಬಿಡುವುದಿಲ್ಲ ಎಂದು ಕೆಲವರು ದೂರಿದಿರಿ. ಏಕೆ ಬಿಡಬೇಕು? ನಾಳೆ ಆಟ ಇದೆ ಎಂದು ಇಂದು ಓಡಿ ಬರುವವರು “ಇವತ್ತೇ ಆಯ್ಕ್” ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಆಗಲೇ ನಮ್ಮಂಥವರು ಯಾರೋ, ‘ನನಗೆ ದುಡ್ಡು ಬೇಡ, ಪ್ರೀತಿಗೆ ಮಾಡಿಕೊಡುತ್ತೇನೆ’ ಎಂದು ಮುಂದೆ ಬಂದರೆ ಏನಾಗುತ್ತದೆ? ಸಂಬಳ ಇರುವವನ ಪ್ರೀತಿ ಸಂಬಳ ಇಲ್ಲದವನ ಒಲೆಯನ್ನು ಆರಿಸುತ್ತದೆ. ಕಾರ್ಖಾನೆಯಲ್ಲಿ ಕೂಲಿಯ ದರ ಮುರಿದು ಕಡಿಮೆಗೆ ದುಡಿಯಲು ಬರುವವನನ್ನು ನಾವು ಏನೆಂದು ಕರೆಯುತ್ತೇವೆ? ಅದೇ ನ್ಯಾಯ ಇಲ್ಲಿಗೂ ಇರಲಿ.

ಗುಟ್ಟು ಎಂಬುದು ಬಡವನ ಬಂಡವಾಳ. ಬೇರೆ ಬಂಡವಾಳ ಅವನಿಗೆ ಯಾರೂ ಕೊಡಲಿಲ್ಲವಾದ್ದರಿಂದ ಅವನು ಅದನ್ನು ಬಿಗಿಹಿಡಿದ. ಆದರೆ ಆ ಬಂಡವಾಳದ ಗುಣವೇ ಬೇರೆ: ಒಡೆಯ ಸತ್ತರೆ ಅದೂ ಸಾಯುತ್ತದೆ. ಮಗ ಗಲ್ಫಿಗೋ ಬೆಂಗಳೂರಿನ ಹೋಟೆಲಿಗೋ ಹೊರಟುಹೋದ. ಅಪ್ಪ ಕಣ್ಣು ಮುಚ್ಚಿದ. ಕಿಟ್ಟ ಎಷ್ಟು, ಅನ್ನ ಎಷ್ಟು ಎಂಬ ಲೆಕ್ಕ ಅವನ ಜೊತೆ ಚಿತೆ ಏರಿತು. ಆಗ ಉಳಿಯುವುದು ಪೇಟೆಯ ಅಂಗಡಿಯ ಸಿದ್ಧ ಸಾಮಾನು. ಸಿದ್ಧ ಸಾಮಾನಿನ ಮೇಲೆ, ಕೃತಕ ಮುಚ್ಚಿಗೆಯ ಮೇಲೆ ನನಗೆ ಹಗೆಯಿಲ್ಲ. ಬೆಂಗಳೂರಿನ ಕೆ. ವರದರಂಗನ್ ಅವರಂಥವರು ಚರ್ಮವಿಲ್ಲದ ಮೃದಂಗವನ್ನು ಶ್ರಮಪಟ್ಟು ರೂಪಿಸಿದ್ದಾರೆ. ಮಳೆಗೆ ಇಳಿಯದ, ಬಿಸಿಲಿಗೆ ಏರದ ಮುಚ್ಚಿಗೆ ಯಾರಿಗೆ ಬೇಡ? ಆದರೆ ‘ಚರ್ಮ ಮುಟ್ಟಬೇಕಾಗಿಲ್ಲ, ಆ ಕೇರಿಗೆ ಹೋಗಬೇಕಾಗಿಲ್ಲ’ ಎಂಬ ಸಮಾಧಾನಕ್ಕಾಗಿ ಅದನ್ನು ಕೊಳ್ಳುವವರಿದ್ದರೆ, ಅದು ವಿಜ್ಞಾನವಲ್ಲ. ಹಳೆಯ ಮೈಲಿಗೆಗೆ ಹೊಸ ಪ್ಲಾಸ್ಟಿಕ್ ಹೊದಿಕೆ.

ಹಾಗಾದರೆ ಮಾಡಬೇಕಾದ್ದೇನು? ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು: ಇನ್ನು ಮುಂದೆ ಯಾರೇ ಮಾಡಿದ ಚೆಂಡೆಯಾಗಲಿ, ಮದ್ದಳೆಯಾಗಲಿ, ಡೋಲಾಗಲಿ, ಮುಚ್ಚಿಗೆ ಹಾಕುವ ಮೊದಲು ಒಡಲಿನ ಒಳಗೆ ಮರ ತೋಡಿದವರ, ಚರ್ಮ ಹದ ಮಾಡಿದವರ, ಬಿಗಿದವರ ಹೆಸರನ್ನೂ ಇಸವಿಯನ್ನೂ ಕೊರೆಯಿರಿ. ಅಕ್ಷರ ಬಾರದವರ ಪರವಾಗಿ ಬರುವವರು ಕೊರೆಯಿರಿ. ಇದಕ್ಕೆ ಕಾಸು ಖರ್ಚಿಲ್ಲ.

ಎರಡು: ಹವ್ಯಾಸಿಗಳು ಹೊರಗಿನ ಕೆಲಸವನ್ನು ಕಸುಬುದಾರರ ದರಕ್ಕಿಂತ ಕಡಿಮೆಗೆ ಹಿಡಿಯಬಾರದು. ಕೈಲಾಗದ್ದನ್ನು ಅವರಲ್ಲಿಗೇ ಕಳುಹಿಸಬೇಕು. ಅವರಲ್ಲಿ ಕಲಿಯುವಾಗ ಎಲೆಯಡಿಕೆ ಕೊಟ್ಟು ಕೈಮುಗಿದರೆ ಸಾಲದು. ಅವರು ನಮಗಾಗಿ ಕಳೆದ ದಿನದ ಕೂಲಿಯನ್ನು ಎಣಿಸಿ ಕೊಡಬೇಕು. ಮಾಷ್ಟ್ರಿಗೆ ಸಂಬಳ ಇದೆ, ಇವರಿಗೇಕೆ ಇಲ್ಲ?

ಮೂರು: ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಆ ದಿನಗಳಲ್ಲಿ ದಿಮ್ಮಿ, ಚರ್ಮ, ಹುರಿಗಳನ್ನು ಒಟ್ಟಾಗಿ ಕೊಂಡು ಕಸುಬುದಾರರೂ ಹವ್ಯಾಸಿಗಳೂ ಹಂಚಿಕೊಳ್ಳುವ ಒಂದು ಸಹಕಾರಿ ಏರ್ಪಾಡು ಆಗಬೇಕು. ಅಂಗಡಿಯ ಮಿತ್ರರೇ, ಲೆಕ್ಕ ಬರೆಯುವ ವಿದ್ಯೆ ನಿಮ್ಮದು. ಈ ಕೆಲಸಕ್ಕೆ ನೀವು ಬೇಕು. ಒಬ್ಬೊಬ್ಬನೇ ಹೋದರೆ ಮರದ ವ್ಯಾಪಾರಿ ಹೇಳಿದ್ದೇ ಬೆಲೆ. ಹತ್ತು ಜನ ಹೋದರೆ ಮಾತಿಗೆ ಜಾಗ ಇದೆ. ಜೊತೆಗೆ ಕಡಿದ ಪ್ರತಿಯೊಂದು ಹಲಸಿಗೆ ಎರಡು ಸಸಿ ನೆಡಿ. ಅದರ ಚೇಗು ಬಲಿಯುವಾಗ ನಾವು ಇರಲಿಕ್ಕಿಲ್ಲ. ನಾವು ಇಂದು ತೋಡುವ ಮರವನ್ನು ನೆಟ್ಟವರೂ ಇಂದು ಇಲ್ಲ.

ನಾಲ್ಕು: ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಕೇಳುವ ಮೊದಲ ಪ್ರಶ್ನೆ ‘ಯಾರ ಪೈಕಿ’ ಎಂದಾಗಬಾರದು, ‘ಕಿವಿ ಹೇಗಿದೆ’ ಎಂದಾಗಬೇಕು. ಚರ್ಮ ಹದ ಮಾಡುವ ಕೆಲಸವನ್ನು ಒಂದೇ ಕೇರಿಯವರ ತಲೆಗೆ ಕಟ್ಟುವುದನ್ನು ನಿಲ್ಲಿಸಿ, ಇಲ್ಲಿರುವ ಪ್ರತಿಯೊಬ್ಬನೂ ಒಮ್ಮೆಯಾದರೂ ತನ್ನ ಕೈಯಿಂದ ಮಾಡಲಿ. ಆ ವಾಸನೆ ಮೂಗಿಗೆ ಹತ್ತಿದರೆ, ನಾಲ್ಕು ದಿನ ಉಗುರಿನಿಂದ ಹೋಗದಿದ್ದರೆ, ಮೈಲಿಗೆಯ ಮಾತು ಆಡುವ ಬಾಯಿ ತಾನಾಗಿ ಮುಚ್ಚೀತು. ಆ ದಿನ ಗುರುವಿನ ಸ್ಥಾನದಲ್ಲಿ ಕೂರಬೇಕಾದವನು ಡೋಲು ತಂದ ತರುಣ, ಅವನು ಒಪ್ಪಿದರೆ. ಒಲ್ಲೆ ಎಂದರೆ ಅದೂ ಅವನ ಹಕ್ಕು.

ಇದೆಲ್ಲ ಸಣ್ಣ ಮಾತು ಎನ್ನಬೇಡಿ. ಕೂಲಿ, ಬೋನಸ್ಸು, ಅಕ್ಕಿಯ ಬೆಲೆ ಇವುಗಳ ನಡುವೆ ಮದ್ದಳೆಯ ಮಾತೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ದುಡಿಯುವವನಿಗೆ ಹೊಟ್ಟೆ ಮಾತ್ರ ಇರುವುದಲ್ಲ, ಕಿವಿಯೂ ಇದೆ. ಎಂಟು ಗಂಟೆಯ ದುಡಿಮೆಗಾಗಿ ನಮ್ಮ ಹಿರಿಯರು ಹೋರಾಡಿದ್ದು ಉಳಿದ ಗಂಟೆಗಳಲ್ಲಿ ಬರೀ ನಿದ್ದೆ ಮಾಡುವುದಕ್ಕಲ್ಲ. ಆ ಗಂಟೆಗಳಲ್ಲಿ ನೀವು ಏನು ಮಾಡಿದಿರಿ ಎಂಬುದಕ್ಕೆ ಈ ಚಾಪೆ ಸಾಕ್ಷಿ.

ಮುಂದಿನ ಕೂಟಕ್ಕೆ ಬರುವಾಗ ಗೆದ್ದ ಕೆಲಸವನ್ನಷ್ಟೇ ತರಬೇಡಿ. ಬಿರಿದ ಒಡಲು, ಹರಿದ ಮುಚ್ಚಿಗೆ, ಊದದ ಪುಂಗಿ ಇವನ್ನೂ ತನ್ನಿ. ಅವುಗಳಿಂದಲೇ ಹತ್ತು ಜನ ಹೆಚ್ಚು ಕಲಿಯುತ್ತಾರೆ. ಬರುವಾಗ ನಿಮ್ಮ ಊರಿನ ಹಳೆಯ ಕಸುಬುದಾರರೊಬ್ಬರನ್ನು ಕರೆದುಕೊಂಡು ಬನ್ನಿ, ಬಸ್ಸಿನ ಚಾರ್ಜು ನೀವೇ ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ.